ಬಾಣಂತಿಗೆ ಬ್ರಾಂದಿ, ಕಲ್ಲಿಗೆ ಬೀರು: ತಾಯಂದಿರೊಂದಿಗೆ ಒಂದಷ್ಟು ಮಾತು

(ಹೊರರೋಗಿಗಳ ವಿಭಾಗದಲ್ಲಿ ನೀಡಿದ ಆರೋಗ್ಯ ತಿಳಿವಳಿಕೆ ಉಪನ್ಯಾಸದ ಬರಹ ರೂಪ)

ತಾಯಂದಿರೇ, ಅಕ್ಕತಂಗಿಯರೇ, ರೋಗಿಗಳ ಜೊತೆ ಬಂದಿರುವ ಅಣ್ಣಂದಿರೇ, ನಿಮ್ಮ ಚೀಟಿ ನಂಬರು ಕೂಗುವವರೆಗೆ ಸ್ವಲ್ಪ ಹೊತ್ತು ನಿಮ್ಮೊಡನೆ ಮಾತನಾಡಲು ಬಂದಿದ್ದೇನೆ. ವಿಷಯ, ಹೆಂಗಸರು ಮತ್ತು ಮದ್ಯ. ಹೀಗೆಂದ ಕೂಡಲೇ ಕೆಲವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ, "ಅದನ್ನ ಗಂಡಸರಿಗೆ ಹೇಳಿ ಸಿಸ್ಟರ್" ಎನ್ನುತ್ತಾರೆ. ಗಂಡಸರಿಗೆ ಹೇಳುವುದು ಇದ್ದೇ ಇದೆ. ಇವತ್ತಿನ ಮಾತು ನಿಮಗೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 18.8 ಮಂದಿ ಮದ್ಯ ಸೇವಿಸುತ್ತಾರೆ, ಹೆಂಗಸರಲ್ಲಿ ನೂರಕ್ಕೆ 1.3 ಮಂದಿ ಮಾತ್ರ. ಮನೆ ಬಾಗಿಲಿಗೆ ಬಂದವರ ಮುಂದೆ, ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಿರುವಾಗ, ಎಷ್ಟು ಜನ ಹೆಂಗಸರು ಹೌದು ಎಂದಾರು? ಇನ್ನೊಂದು ಮಾತೂ ಇದೆ. ವಾರ್ಡಿನಲ್ಲಿ "ಕುಡಿಯುವ ಅಭ್ಯಾಸ ಉಂಟಾ?" ಎಂದು ಕೇಳಿದರೆ "ಶಿವ ಶಿವಾ, ಇಲ್ಲ" ಎನ್ನುವವರೇ, "ಮೈಕೈ ನೋವಿಗೆ, ಥಂಡಿಗೆ ಏನು ತಗೋತೀರಿ?" ಎಂದು ಕೇಳಿದಾಗ "ಯಾವಾಗಲಾದರೂ ಎರಡು ಮುಚ್ಚಳ ಬ್ರಾಂದಿ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿ. ಶರೀರಕ್ಕೆ ಮಾತ್ರ ಆ ಭೇದ ತಿಳಿಯುವುದಿಲ್ಲ.

ಗಂಡಸಿಗಿಂತ ಹೆಂಗಸಿನ ದೇಹದಲ್ಲಿ ನೀರಿನ ಅಂಶ ಕಡಿಮೆ, ಕೊಬ್ಬಿನ ಅಂಶ ಹೆಚ್ಚು. ಮದ್ಯಸಾರ ಬೆರೆಯುವುದು ನೀರಿನಲ್ಲಿ. ಒಂದೇ ಉಪ್ಪನ್ನು ದೊಡ್ಡ ಪಾತ್ರೆಯ ಸಾರಿಗೂ ಚಿಕ್ಕ ಪಾತ್ರೆಯ ಸಾರಿಗೂ ಹಾಕಿ ನೋಡಿ, ಚಿಕ್ಕ ಪಾತ್ರೆಯದು ಬಾಯಿಗಿಡಲಾಗುವುದಿಲ್ಲ. ಹಾಗೆಯೇ ಗಂಡ ಹೆಂಡತಿ ಇಬ್ಬರ ತೂಕ ಒಂದೇ ಇದ್ದು, ಒಂದೇ ಪ್ರಮಾಣ ಕುಡಿದರೂ ಹೆಂಡತಿಯ ರಕ್ತದಲ್ಲಿ ಮದ್ಯದ ಮಟ್ಟ ಹೆಚ್ಚು ಏರುತ್ತದೆ. ಆದ್ದರಿಂದಲೇ ಹೆಂಗಸರಿಗೆ ಕಡಿಮೆ ಪ್ರಮಾಣದಿಂದ, ಕಡಿಮೆ ವರ್ಷಗಳಲ್ಲಿ ಯಕೃತ್ತು, ಅಂದರೆ ಲಿವರ್, ಕೆಡುತ್ತದೆ.

"ಬೀರು ಲೈಟು, ಅದರಲ್ಲಿ ಏನಿದೆ" ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. 650 ಮಿ.ಲೀ. ಬಾಟಲಿಯಲ್ಲಿ ನೂರಕ್ಕೆ 8ರಷ್ಟು ಮದ್ಯಸಾರವಿರುವ 'ಸ್ಟ್ರಾಂಗ್' ಬೀರು ಇದ್ದರೆ ಅದರಲ್ಲಿ ಸುಮಾರು 41 ಗ್ರಾಂ ಮದ್ಯಸಾರ ಇರುತ್ತದೆ. 30 ಮಿ.ಲೀ.ನ ಒಂದು ಸಣ್ಣ ಪೆಗ್ ಬ್ರಾಂದಿ ಅಥವಾ ವಿಸ್ಕಿಯಲ್ಲಿ ಸುಮಾರು 10 ಗ್ರಾಂ. ಅಂದರೆ ಆ ಒಂದು ಬಾಟಲಿ ಬೀರು ನಾಲ್ಕು ಪೆಗ್‌ಗೆ ಸಮ. ಮದುವೆ ಮನೆಯ ಹಿಂದೆ, ಪಾರ್ಟಿಯಲ್ಲಿ "ಬರೀ ಬೀರು ಕಣೇ" ಎಂದು ಗೆಳತಿಯ ಕೈಗೆ ಕೊಡುವ ಹೆಣ್ಣುಮಕ್ಕಳು ಇದನ್ನು ನೆನಪಿಡಿ. ಹೆಂಡ, ವೈನು ಯಾವುದಾದರೂ ಒಳಗಿರುವುದು ಅದೇ ಮದ್ಯಸಾರ.

ಈಗ ಬಾಣಂತಿಯ ವಿಷಯಕ್ಕೆ ಬರುತ್ತೇನೆ. ಹೆರಿಗೆ ವಾರ್ಡಿಗೆ ಬರುವ ಚೀಲದಲ್ಲಿ ಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿಯ ಜೊತೆ ಕೆಲವೊಮ್ಮೆ ಪೇಪರಿನಲ್ಲಿ ಸುತ್ತಿದ ಚಿಕ್ಕ ಬಾಟಲಿಯೂ ಇರುತ್ತದೆ. ತಂದವರು ಪ್ರೀತಿಯಿಂದಲೇ ತಂದಿರುತ್ತಾರೆ. ಬಾಣಂತಿಗೆ ಶೀತವಾಗಬಾರದು, ನಿದ್ದೆ ಬರಬೇಕು, ಹಾಲು ಇಳಿಯಬೇಕು ಎಂಬುದು ಅಜ್ಜಿಯಂದಿರ ಆಸೆ. ಆ ಆಸೆ ಸರಿ, ಬಾಟಲಿ ಸರಿಯಲ್ಲ. ಬ್ರಾಂದಿ ಕುಡಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬಿಸಿ ರಕ್ತ ಮೇಲಕ್ಕೆ ಬಂದು ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ವಾಸ್ತವದಲ್ಲಿ ಆ ದಾರಿಯಲ್ಲೇ ಒಳಗಿನ ಶಾಖ ಹೊರಗೆ ಹೋಗುತ್ತದೆ.

ಹಾಲಿನ ವಿಷಯವೂ ಹೀಗೆಯೇ. 1991ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ತಾಯಿ ಮದ್ಯ ಸೇವಿಸಿದ ನಂತರ ಮಕ್ಕಳು ಎಂದಿಗಿಂತ ಕಡಿಮೆ ಹಾಲು ಕುಡಿದದ್ದು ಕಂಡುಬಂತು. ಮದ್ಯ ಹಾಲು ಇಳಿಯುವುದನ್ನು ತಡೆಯುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಹಾಲಿಗೂ ಬರುತ್ತದೆ. ಒಂದು ಸಣ್ಣ ಪೆಗ್ ರಕ್ತದಿಂದ ಹೋಗಲು ಸುಮಾರು ಎರಡು ಗಂಟೆ ಬೇಕು. ಹಸುಗೂಸು ಹಾಲಿಗೆ ಅಳುವುದೂ ಎರಡು ಗಂಟೆಗೊಮ್ಮೆ, ಇನ್ನು ಬಿಡುವು ಎಲ್ಲಿದೆ? ಹಾಲನ್ನು ಹಿಂಡಿ ಚೆಲ್ಲಿದರೂ ಪ್ರಯೋಜನವಿಲ್ಲ, ರಕ್ತದಲ್ಲಿ ಇರುವಷ್ಟು ಹೊತ್ತು ಹೊಸ ಹಾಲಿಗೂ ಸೇರುತ್ತಲೇ ಇರುತ್ತದೆ. ಅಮಲಿನ ನಿದ್ದೆಯಲ್ಲಿರುವ ತಾಯಿಯ ಪಕ್ಕದಲ್ಲಿ ಮಗು ಮಲಗುವುದು ಇನ್ನೂ ಅಪಾಯ. ಹೊರಳಿದಾಗ ಮಗುವಿನ ಮೂಗು ಮುಚ್ಚಿದರೂ ಆಕೆಗೆ ಎಚ್ಚರವಾಗುವುದಿಲ್ಲ.

ಮಗುವಿಗೆ ನೆಗಡಿ ಎಂದು ಬ್ರಾಂದಿಯಲ್ಲಿ ಬೆರಳದ್ದಿ ನೆಕ್ಕಿಸುವುದು, ಎದೆಗೆ ಬ್ರಾಂದಿ ಹಚ್ಚುವುದು, ಇವೆರಡನ್ನೂ ದಯವಿಟ್ಟು ಬಿಡಿ. ಎಳೆಯ ಕೂಸಿನ ರಕ್ತದ ಸಕ್ಕರೆ ಅಂಶ ಥಟ್ಟನೆ ಇಳಿದು ಪ್ರಜ್ಞೆ ತಪ್ಪಬಹುದು, ಉಸಿರಾಟ ನಿಧಾನವಾಗಬಹುದು. ಬ್ರಾಂದಿ ಕೊಟ್ಟ ಮೇಲೆ "ಮಗು ಹಾಯಾಗಿ ಮಲಗಿತು" ಎನ್ನುತ್ತಾರೆ, ಆ ನಿದ್ದೆಯನ್ನು ನಾನು ಹಾಯಾದ ನಿದ್ದೆ ಎನ್ನಲಾರೆ. ಬೆಚ್ಚಗಿರಲು ಟೋಪಿ, ಸಾಕ್ಸು, ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಹೊದಿಸುವುದು, ಇಷ್ಟು ಸಾಕು. ಬಾಣಂತಿಗೆ ಬಿಸಿ ಬಿಸಿ ಮೆಣಸಿನ ಸಾರು ಕೊಡಿ. ಅಜ್ಜಿಯಂದಿರ ಮನಸ್ಸಿಗೂ ಸಮಾಧಾನವಾಗುತ್ತದೆ.

ಬಸುರಿಯರಿಗೆ ಒಂದೇ ಮಾತು, ಒಂದು ಹನಿಯೂ ಬೇಡ. ಮಾಸುವಿನ ಮೂಲಕ ಮದ್ಯ ನೇರವಾಗಿ ಮಗುವಿಗೆ ಹೋಗುತ್ತದೆ. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು, ಬಸುರಿನಲ್ಲಿ ಕುಡಿದ ತಾಯಂದಿರ ಮಕ್ಕಳಲ್ಲಿ ಚಿಕ್ಕ ತಲೆ, ಕುಂಠಿತ ಬೆಳವಣಿಗೆ, ತೆಳು ಮೇಲ್ತುಟಿ, ಬುದ್ಧಿಮಾಂದ್ಯ ಒಟ್ಟಿಗೆ ಇರುವುದನ್ನು ಗುರುತಿಸಿ ಅದಕ್ಕೆ ಹೆಸರು ಕೊಟ್ಟರು. ಹುಟ್ಟಿದ ಮೇಲೆ ಅದಕ್ಕೆ ಗುಣಪಡಿಸುವ ಔಷಧಿ ಇಲ್ಲ. ಮುಟ್ಟು ನಿಂತದ್ದು ಗೊತ್ತಾಗುವ ಮೊದಲೇ ಕುಡಿದಿದ್ದರೆ ಹೆದರಿ ಮುಚ್ಚಿಡಬೇಡಿ. ಅಂದಿನಿಂದಲೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಬೀರು ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ ಎಂಬ ಮಾತು ಊರೂರಲ್ಲಿ ಇದೆ. ಕಲ್ಲು ಇರುವ ಹೆಂಡತಿಗೆ ಗಂಡನೇ ತಂದುಕೊಡುವುದೂ ಉಂಟು. ಬೀರಿನಿಂದ ಮೂತ್ರ ಹೆಚ್ಚು ಹೋಗುವುದು ನಿಜ. ಆದರೆ ಕಲ್ಲು ಕರಗುವುದಿಲ್ಲ. ಮೂತ್ರವಾಗಿ ನೀರು ಹೋಗಿ ಮೈ ಒಣಗುತ್ತದೆ, ಯೂರಿಕ್ ಆಮ್ಲ ಹೆಚ್ಚಿ ಹೊಸ ಕಲ್ಲಿಗೂ ದಾರಿಯಾಗಬಹುದು. ಮೂತ್ರ ಹೆಚ್ಚಬೇಕಾದರೆ ಕೊಡದ ನೀರು ಇದೆಯಲ್ಲ. ಕೆಂಪು ವೈನಿನಿಂದ ರಕ್ತ ಹೆಚ್ಚುತ್ತದೆ ಎಂಬುದೂ ಬಣ್ಣ ನೋಡಿ ಹುಟ್ಟಿದ ನಂಬಿಕೆ. ಮದ್ಯ ರಕ್ತ ತಯಾರಾಗಲು ಬೇಕಾದ ಫೋಲಿಕ್ ಆಮ್ಲವನ್ನೇ ಕೆಡಿಸುತ್ತದೆ. ರಕ್ತಹೀನತೆಗೆ ಡಾಕ್ಟರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗಿ.

ಸ್ತನ ಕ್ಯಾನ್ಸರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೀಡಿ ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ದಿನಕ್ಕೆ ಒಂದೇ ಒಂದು ಸಣ್ಣ ಪೆಗ್‌ನಷ್ಟು ಕುಡಿಯುವ ಹೆಂಗಸಿಗೂ, ಕುಡಿಯದವರಿಗೆ ಹೋಲಿಸಿದರೆ, ಸ್ತನ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ಸುಮಾರು 7ರಿಂದ 10ರಷ್ಟು ಏರುತ್ತದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಸುರಕ್ಷಿತ ಪ್ರಮಾಣ ಯಾವುದೂ ಇಲ್ಲ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಲ್ಲಿಯವರೆಗೆ ಹೇಳಿದ್ದನ್ನು ಮರೆತರೂ ಮುಂದಿನದನ್ನು ಮರೆಯಬೇಡಿ. ಆಸ್ಪತ್ರೆಗೆ ಬಂದ ಮೇಲೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದು ಅದು.

ದಿನವೂ ರಾತ್ರಿ ಗುಟ್ಟಾಗಿ ಕುಡಿಯುವ ಒಬ್ಬ ತಾಯಿ ಗರ್ಭಕೋಶದ ಆಪರೇಷನ್ನಿಗೆ ದಾಖಲಾಗಿದ್ದಾರೆ ಎಂದುಕೊಳ್ಳಿ. ಕೂಲಿ ಕೆಲಸದ ಮೈನೋವೋ, ಗಂಡ ತೀರಿಕೊಂಡ ದುಃಖವೋ, ಕಾರಣ ಏನಾದರೂ ಇರಲಿ. ಮಗನಿಗೂ ಸೊಸೆಗೂ ಗೊತ್ತಿಲ್ಲ, ನಮಗೂ ಹೇಳಲಿಲ್ಲ. ಇಲ್ಲಿ ಕುಡಿಯಲು ಸಿಗುವುದಿಲ್ಲ. ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಮನೆಯವರು ಆಪರೇಷನ್ನಿನ ಭಯ ಎಂದುಕೊಳ್ಳುತ್ತಾರೆ. ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತನಾಡುವುದು, ಡ್ರಿಪ್ ಕಿತ್ತುಕೊಂಡು ಏಳುವುದು ಶುರುವಾಗಬಹುದು. ಆಗ ಕೆಲವರು ಗಾಳಿ ಮೆಟ್ಟಿತು ಎಂದು ದಾರ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ದಿನವೂ ಸಿಗುತ್ತಿದ್ದ ಮದ್ಯ ತಟ್ಟನೆ ನಿಂತದ್ದರ ಪರಿಣಾಮ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೂ ಅಪಾಯ. ಮೊದಲೇ ಗೊತ್ತಿದ್ದರೆ ಡಾಕ್ಟರು ನಡುಕ, ಫಿಟ್ಸ್ ಬರದಂತೆ ಔಷಧಿ ಕೊಡುತ್ತಾರೆ, ಗ್ಲೂಕೋಸ್ ಹಾಕುವ ಮುನ್ನ ಬಿ-1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಬೇಕಾದರೆ ಆಪರೇಷನ್ನನ್ನೇ ಕೆಲವು ದಿನ ಮುಂದೂಡುತ್ತಾರೆ.

ಇದೇ ಕಾರಣಕ್ಕೆ, ವರ್ಷಗಟ್ಟಲೆ ದಿನವೂ ಕುಡಿಯುವವರು ನನ್ನ ಮಾತು ಕೇಳಿ ಇವತ್ತು ರಾತ್ರಿಯೇ ಒಬ್ಬರೇ ನಿಲ್ಲಿಸಲು ಹೋಗಬೇಡಿ. ಮೊದಲು ಡಾಕ್ಟರನ್ನು ಕಾಣಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಟಿ.ಬಿ. ಔಷಧಿ, ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರೂ ಹೇಳಲೇಬೇಕು. ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಮತ್ತು ಮದ್ಯ ಸೇರಿದರೆ ಸಕ್ಕರೆ ಅಂಶ ಬಿದ್ದು ಪ್ರಜ್ಞೆ ಹೋಗುತ್ತದೆ, ನೋಡಿದವರು ಅಮಲು ಎಂದುಕೊಂಡು ಮಲಗಿಸಿಬಿಡುತ್ತಾರೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಸಹ ದಿನವೂ ಕುಡಿಯುವವರ ಲಿವರಿಗೆ ಭಾರ.

ಎಲ್ಲರೆದುರು ಹೇಳಲು ಸಂಕೋಚ ಎಂದರೆ ಅದು ಸಹಜ. "ಸಿಸ್ಟರ್, ನಿಮ್ಮ ಹತ್ತಿರ ಒಬ್ಬರೇ ಮಾತಾಡಬೇಕು" ಎನ್ನಿ, ಅಷ್ಟು ಸಾಕು, ನಿಮ್ಮನ್ನು ಪಕ್ಕಕ್ಕೆ ಕರೆದು ಕೇಳುತ್ತೇವೆ. ಯಾಕೆ ಕುಡಿದಿರಿ ಎಂದು ವಿಚಾರಣೆ ಮಾಡುವುದಿಲ್ಲ. ಏನು, ಎಷ್ಟು, ಎಷ್ಟು ದಿನಗಳಿಂದ, ಕೊನೆಯದಾಗಿ ಯಾವಾಗ, ಈ ನಾಲ್ಕೇ ಪ್ರಶ್ನೆ. ಜೊತೆಗೆ ಬಂದವರಲ್ಲೂ ಒಂದು ವಿನಂತಿ. ನರ್ಸು ಐದು ನಿಮಿಷ ಹೊರಗಿರಿ ಎಂದಾಗ "ನಮ್ಮೆದುರೇ ಕೇಳಿ, ನಮ್ಮಲ್ಲಿ ಮುಚ್ಚುಮರೆ ಇಲ್ಲ" ಎಂದು ಕೂರಬೇಡಿ, ಎದ್ದು ಹೋಗಿ. ನಂತರ ಗೊತ್ತಾದರೂ ವಾರ್ಡಿನಲ್ಲಿ ಬೈಯಬೇಡಿ, ಬೈಸಿಕೊಂಡವರು ಮುಂದಿನ ಸಲ ಹೇಳುವುದಿಲ್ಲ.

ಬಿಡಬೇಕೆಂಬ ಮನಸ್ಸಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು 14416 ಸಂಖ್ಯೆಗೆ ಫೋನ್ ಮಾಡಿ. ಇದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನಂಬರು ಬರೆದುಕೊಳ್ಳಲು ಪೆನ್ನು ಇಲ್ಲದವರು ಔಷಧಿ ಕೊಡುವ ಕಿಟಕಿಯಲ್ಲಿ ಕೇಳಿ, ನಿಮ್ಮ ಚೀಟಿಯ ಹಿಂದೆ ಬರೆದುಕೊಡುತ್ತಾರೆ.