ತಲೆಯ ಪೆಟ್ಟಿನ ಅನಂತರ ಮನಸ್ಸಿನ ಉಪಚಾರ



ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿ, ಅದರ ಕಾರ್ಯದಲ್ಲಿ ತಾತ್ಕಾಲಿಕ ಏರುಪೇರಾಗುವುದನ್ನು ವೈದ್ಯರು 'ಕನ್‌ಕಷನ್' ಎಂದು ಕರೆಯುತ್ತಾರೆ. ಸ್ಕೂಟರಿನಿಂದ ಬಿದ್ದಾಗ, ಬಚ್ಚಲುಮನೆಯಲ್ಲಿ ಜಾರಿದಾಗ ಇದು ಸಂಭವಿಸಬಹುದು. ಪ್ರಜ್ಞೆ ತಪ್ಪಲೇಬೇಕೆಂಬ ನಿಯಮವಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಸಾಮಾನ್ಯವಾಗಿ ಏನೂ ಕಾಣಿಸದು. ಬಹುತೇಕ ಜನರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಕೆಲವರಿಗೆ ಮಾತ್ರ ಮೂರು ತಿಂಗಳು ಕಳೆದರೂ ತಲೆನೋವು, ತಲೆಸುತ್ತು, ಆಯಾಸ, ನಿದ್ರಾಭಂಗ, ಮರೆವು, ಸಿಡುಕು ಬಿಡುವುದಿಲ್ಲ. ಹೊರಗೆ ಗಾಯವಿಲ್ಲ, ವರದಿಯಲ್ಲಿ ದೋಷವಿಲ್ಲ. ಆದ್ದರಿಂದ ಕಚೇರಿಯಲ್ಲಿ ಮೈಗಳ್ಳರೆನಿಸಿಕೊಳ್ಳುತ್ತಾರೆ, ಮನೆಯಲ್ಲಿ ನೆಪ ಹೂಡುತ್ತಿರುವರೆಂಬ ಮಾತು ಕೇಳುತ್ತಾರೆ. ಇಂಥ ಸ್ಥಿತಿಯಲ್ಲಿ ಮನಶ್ಶಾಸ್ತ್ರಜ್ಞರನ್ನು ಕಾಣಿರೆಂದು ವೈದ್ಯರು ಸೂಚಿಸಿದರೆ, 'ನನಗೇನು ಹುಚ್ಚೇ?' ಎಂದು ಕೆರಳುವುದು ಸಹಜ. ನಮ್ಮಲ್ಲಿ 'ಮಾನಸಿಕ' ಎಂಬ ಪದಕ್ಕೆ 'ಕಲ್ಪಿತ' ಎಂಬ ಅರ್ಥ ಹೇಗೋ ಅಂಟಿಕೊಂಡಿದೆ. ಅನುವಾದದ ಕೆಲಸದಲ್ಲಿ ಈ ಪದವನ್ನು ಬಳಸುವಾಗಲೆಲ್ಲ ನನಗೆ ಅಳುಕಾಗುತ್ತದೆ. ಈ ನೋವು ಕಲ್ಪಿತವಲ್ಲ.

ತೊಂದರೆಯನ್ನು ಆರಂಭಿಸಿದ್ದು ಪೆಟ್ಟು. ಅದನ್ನು ಮುಂದುವರಿಸುವ ಕಾರಣಗಳು ಬೇರೆಯೂ ಇರಬಹುದು. ಓದಿದರೆ ತಲೆ ನೋಯುತ್ತದೆ. ನೋವೆಂದರೆ ಮಿದುಳು ಕೆಡುತ್ತಿದೆಯೆಂಬ ಭಯ. ಭಯದಿಂದ ಓದನ್ನೇ ಬಿಡುವುದು. ಬಿಟ್ಟಷ್ಟೂ ಅಭ್ಯಾಸ ತಪ್ಪಿ, ಮರಳಿ ಪುಸ್ತಕ ಹಿಡಿದಾಗ ನೋವು ಇನ್ನೂ ಬೇಗ ಬರುವುದು. ಬೀಗದ ಕೈ ಮರೆಯುವುದು ಎಲ್ಲರಿಗೂ ಇರುವಂಥದೇ. ಪೆಟ್ಟು ತಿಂದವರಿಗೆ ಅದೂ ಹಾನಿಯ ಸಾಕ್ಷಿಯಾಗಿ ತೋರುತ್ತದೆ.

ಈ ಸುಳಿಯನ್ನು ಬಿಡಿಸುವುದೇ ಅರಿವು ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆಯ ಕೆಲಸ. ಚಿಕಿತ್ಸಕರು ರೋಗಿಯೊಡನೆ ಕುಳಿತು ದಿನಚರಿಯನ್ನು ಬರೆಯಿಸುತ್ತಾರೆ. ಹದಿನೈದು ನಿಮಿಷ ಓದು, ಸ್ವಲ್ಪ ವಿರಾಮ. ಮುಂದಿನ ವಾರ ಇಪ್ಪತ್ತು ನಿಮಿಷ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ, ಮರುದಿನ ಹಾಸಿಗೆ ಹಿಡಿಯುವ ಪದ್ಧತಿಯನ್ನು ಬಿಡಿಸುತ್ತಾರೆ. ಏಳುವ ವೇಳೆಯನ್ನು ನಿಶ್ಚಯಿಸಿ ನಿದ್ರೆಯನ್ನು ಹದಕ್ಕೆ ತರುತ್ತಾರೆ.

1996ರಲ್ಲಿ ಅಮೆರಿಕದ ಮಿಟೆನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಒಂದು ಅಧ್ಯಯನವನ್ನು ಪ್ರಕಟಿಸಿದರು. ರೋಗಿಗಳು ಆಸ್ಪತ್ರೆಯಿಂದ ಹೊರಡುವ ಮುನ್ನ ಅವರಿಗೊಂದು ಕೈಪಿಡಿ ಕೊಟ್ಟು, ಚಿಕಿತ್ಸಕರು ಅದನ್ನು ವಿವರಿಸಿದ್ದರು. ಅಂಥವರಲ್ಲಿ ಲಕ್ಷಣಗಳು ಸರಾಸರಿ 33 ದಿನ ಉಳಿದರೆ, ಎಂದಿನ ಸಲಹೆಯನ್ನಷ್ಟೇ ಪಡೆದವರಲ್ಲಿ 51 ದಿನ ಉಳಿದವು. ಕಿರುಪುಸ್ತಿಕೆಗಳನ್ನು ಸಿದ್ಧಪಡಿಸುವ ನಮ್ಮಂಥವರಿಗೆ ಇದು ಸಂತೋಷದ ಸಂಗತಿ! ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಕ್ರಮವನ್ನೂ ತಜ್ಞರು ಈಗ ಒಪ್ಪುವುದಿಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ, ಅನಂತರ ಲಘು ನಡಿಗೆ ಸಾಕು.

ಕುತ್ತಿಗೆಯ ನೋವಿಗೆ, ಸಮತೋಲ ತಪ್ಪುವುದಕ್ಕೆ ಬೇರೆ ಉಪಚಾರಗಳೂ ಬೇಕಾಗಬಹುದು. ಆದರೆ ಪೆಟ್ಟು ಬಿದ್ದ ಮೇಲೆ ತಲೆನೋವು ಹೆಚ್ಚುತ್ತ ಹೋದರೆ, ಪದೇ ಪದೇ ವಾಂತಿಯಾದರೆ, ಮಂಪರು ಕವಿದರೆ, ಸೆಳವು ಬಂದರೆ, ಕೈಕಾಲು ಸೋತರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮುಂಬಯಿ, ದೆಹಲಿಗಳಲ್ಲಿ ನೆಲೆಸಿರುವ ನಮಗೆ ಇನ್ನೊಂದು ತೊಡಕುಂಟು. ಮಾತೇ ಮದ್ದಾಗಿರುವ ಚಿಕಿತ್ಸೆಯಲ್ಲಿ 'ತಲೆ ಧಿಮ್ಮೆನ್ನುತ್ತದೆ' ಎಂಬುದನ್ನು ಹಿಂದಿಯಲ್ಲಿ ಹೇಗೆ ಹೇಳುವುದು? 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.