ಬಾಗಿಲಿಗೊಂದು ಜೀವಂತ ತೋರಣ

(ರಾಮಮೂರ್ತಿ ನಗರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಮೊದಲು ಒಂದು ಪ್ರಶ್ನೆ. ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿರೋರು ಕೈ ಎತ್ತಿ. ನೋಡಿ, ಎಷ್ಟೊಂದು ಕೈ! ದೃಷ್ಟಿ ತಾಗಬಾರದು ಅಂತ ಕಟ್ಟಿದ್ದು. ಆ ವಿಷಯ ಇವತ್ತು ಬೇಡ. ಆದ್ರೆ ಒಂದು ಗಮನಿಸಿದ್ದೀರಾ? ಮಣ್ಣಿಲ್ಲ, ನೀರಿಲ್ಲ, ಬೇರು ಗಾಳಿಯಲ್ಲಿದೆ. ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತೆ. ಹಬ್ಬಕ್ಕೆ ಕಟ್ಟಿದ ಮಾವಿನ ತೋರಣ ಮೂರು ದಿನಕ್ಕೇ ಮುದುಡುತ್ತೆ. ಲೋಳೆಸರ ತನ್ನ ದಪ್ಪ ಎಲೆಯೊಳಗೆ ನೀರು ಕೂಡಿಟ್ಟುಕೊಂಡಿರುತ್ತೆ. ಅದರ ಎಲೆಯ ಸಣ್ಣ ರಂಧ್ರಗಳು ಹಗಲಿನ ಬಿಸಿಲಿಗೆ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ, ಹಾಗಾಗಿ ನೀರು ಬೇಗ ಆರಿಹೋಗುವುದಿಲ್ಲ. ಇಂಥ ಗಿಡಗಳನ್ನೇ ನರ್ಸರಿಯವರು ಸಕ್ಯುಲೆಂಟ್ ಅನ್ನೋದು.

ಕ್ರಿಸ್ಮಸ್ ಸಮಯದಲ್ಲಿ ಕೆಲವು ಮನೆಗಳ ಬಾಗಿಲಿಗೆ ದುಂಡಗೆ ಹಸಿರು ತೋರಣ ಹಾಕಿರೋದನ್ನು ನೋಡಿರ್ತೀರಿ. ಹೆಚ್ಚಿನವು ಪ್ಲಾಸ್ಟಿಕ್. ಅದನ್ನೇ ಸಕ್ಯುಲೆಂಟ್ ಗಿಡಗಳಿಂದ ಮಾಡಿದರೆ ಚೆನ್ನಾಗಿ ನೋಡಿಕೊಂಡಷ್ಟು ಕಾಲ ಬಾಗಿಲಲ್ಲೇ ಬೆಳೆಯುತ್ತೆ. ಬಾಡಿಗೆ ಮನೆಯಲ್ಲಿ ಇರೋ ನಮ್ಮಂಥವರಿಗೆ ಕುಂಡ ಇಡೋಕೆ ಎರಡಡಿ ಜಾಗ ಇರಲ್ಲ, ಆದ್ರೆ ಬಾಗಿಲು ಎಲ್ಲರಿಗೂ ಇದೆ ತಾನೇ?

ಇದನ್ನು ಮಾಡಿ ಮಾರಬಹುದು ಅನ್ನೋ ಆಸೆಯಿಂದ ನಾವು ಐದು ಜನ ಸಂಘದಿಂದ ಸಾಲ ಎತ್ತಿ ಕೈ ಸುಟ್ಟುಕೊಂಡಿದ್ದೀವಿ. ಅದನ್ನು ಹೇಳೋಕೇ ಬಂದಿದ್ದೀನಿ. ನವೆಂಬರ್ ಕೊನೆಗೆ ನರ್ಸರಿಯಿಂದ ಗಿಡ ತಂದು, ಡಿಸೆಂಬರ್ ಮೊದಲ ವಾರದಲ್ಲಿ ಹನ್ನೆರಡು ತೋರಣ ಮಾಡಿದ್ವಿ. ನೋಡೋಕೆ ಬಹಳ ಚೆಂದ. ಹನ್ನೆರಡೂ ಮಾರಿಹೋದ್ವು. ಜನವರಿ ಬರೋ ಹೊತ್ತಿಗೆ ಏಳು ವಾಪಸ್ ಬಂದ್ವು. ತುಂಡುಗಳು ಒಂದೊಂದಾಗಿ ಉದುರಿದ್ವು, ಕೆಲವು ಕೊಳೆತು ಕಪ್ಪಾದ್ವು. ತಗೊಂಡವರ ಮುಖ ನೋಡೋಕೆ ನಾಚಿಕೆ. ದುಡ್ಡು ವಾಪಸ್ ಕೊಟ್ವಿ, ಸಾಲದ ಕಂತನ್ನು ಮನೆ ಖರ್ಚಿನ ಹಣದಿಂದ ಕಟ್ಟಿದ್ವಿ.

ತಪ್ಪು ಎಲ್ಲಾಯ್ತು? ಆತುರದಲ್ಲಿ. ಬೆಳಿಗ್ಗೆ ಕತ್ತರಿಸಿದ ತುಂಡನ್ನು ಮಧ್ಯಾಹ್ನವೇ ಒದ್ದೆ ನಾರಿಗೆ ಚುಚ್ಚಿದ್ವಿ. ಕತ್ತರಿಸಿದ ಜಾಗ ಗಾಯ ಇದ್ದ ಹಾಗೆ. ನೆರಳಿನಲ್ಲಿ ನಾಲ್ಕೈದು ದಿನ ಇಟ್ಟು ಆ ಗಾಯ ಒಣಗಿ ಚರ್ಮ ಕಟ್ಟಬೇಕು. ಇಲ್ಲಾಂದ್ರೆ ನೀರು ಒಳಗೆ ಹೋಗಿ ಕೊಳೆಯುತ್ತೆ. ಎರಡನೇ ತಪ್ಪು, ಬೇರು ಬಿಡೋಕೂ ಮುಂಚೆ ನೇತು ಹಾಕಿದ್ದು. ಹಿಡಿತವೇ ಇಲ್ಲದ ಗಿಡ ಬೀಳದೆ ಇನ್ನೇನು ಮಾಡುತ್ತೆ?

ಈಗ ಮಾಡೋ ರೀತಿ ಹೇಳ್ತೀನಿ. ಕೊಡ ಹೊರೋವಾಗ ತಲೆ ಮೇಲೆ ಸಿಂಬೆ ಇಡ್ತಿದ್ವಲ್ಲ, ಅದೇ ಆಕಾರ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿ ಗೂಡಿಗೆ ಹಾಕೋ ಜಾಲರಿ ಸಿಗುತ್ತೆ. ಒಂದಡಿ ಅಗಲ, ಮೂರಡಿ ಉದ್ದ ಸಾಕು. ಅದರ ಮೇಲೆ ತೆಂಗಿನ ನಾರನ್ನು ದಪ್ಪಗೆ ಹಾಸಿ. ನಡುವೆ ನಾರಿನ ಪುಡಿ, ಅಂದ್ರೆ ಕೋಕೋಪೀಟ್, ಸ್ವಲ್ಪ ಎರೆಗೊಬ್ಬರ ಸೇರಿಸಿ ಹಾಕಿ. ಕೋಕೋಪೀಟಿನಲ್ಲಿ ಉಪ್ಪು ಇರಬಹುದು, ಮೊದಲೇ ಎರಡು ಮೂರು ನೀರಲ್ಲಿ ತೊಳೆದು ಹಿಂಡಿ. ಸುರುಳಿ ಸುತ್ತಿ, ಬಗ್ಗಿಸಿ, ತುದಿಗಳನ್ನು ತಂತಿಯಿಂದ ಬಿಗಿಯಿರಿ. ಜಾಲರಿ ಅಂಚು ಕೈ ಕೊಯ್ಯುತ್ತೆ, ಹಳೇ ಬಟ್ಟೆ ಸುತ್ತಿಕೊಳ್ಳಿ. ಪೆನ್ಸಿಲ್‌ನಿಂದ ತೂತು ಮಾಡಿ, ಒಣಗಿದ ತುಂಡು ಇಳಿಸಿ, ಹೇರ್‌ಪಿನ್‌ನಂತೆ ಬಗ್ಗಿಸಿದ ತಂತಿಯಿಂದ ಹಿಡಿಸಿ. ಹಿಂಭಾಗ ಖಾಲಿ ಇರಲಿ.

ಆಮೇಲೆ ಒಂದೂವರೆ ತಿಂಗಳು ಅದನ್ನು ಮಲಗಿಸಿಯೇ ಇಡಬೇಕು. ತುಂಡನ್ನು ಮೆಲ್ಲಗೆ ಎಳೆದರೆ ಅದು ತಿರುಗಿ ಎಳೆಯಬೇಕು, ಆಗ ಬೇರು ಬಂತು ಅಂತ ಅರ್ಥ. ಕ್ರಿಸ್ಮಸ್‌ಗೆ ಮಾರಬೇಕಾದ್ರೆ ಅಕ್ಟೋಬರ್ ಮಧ್ಯಕ್ಕೇ ಚುಚ್ಚಿ ಮುಗಿಸಿರಬೇಕು. ನಮ್ಮ ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜೋರು ಮಳೆ. ಆದ್ದರಿಂದ ಬೆಳಕಿರೋ ಸಜ್ಜದ ಕೆಳಗೆ ಇಡಿ, ಟೆರೇಸಿನಲ್ಲಿ ಮಳೆಗೆ ಬಿಡಬೇಡಿ.

ಒಂದಡಿ ತೋರಣಕ್ಕೆ 80ರಿಂದ 100 ತುಂಡು ಬೇಕಾಗುತ್ತೆ. ಇದೇ ಲೆಕ್ಕದಲ್ಲಿ ನಾವು ಸೋತಿದ್ದು! ಅಷ್ಟನ್ನೂ ನರ್ಸರಿಯಿಂದ ಕೊಂಡರೆ ಲಾಭ ಅಲ್ಲ, ಅಸಲೂ ಬರಲ್ಲ. ಪ್ರತಿ ಜಾತಿಯ ಒಂದೆರಡು ತಾಯಿ ಗಿಡ ತಂದು, ಹಳೇ ಪೇಂಟ್ ಡಬ್ಬಿಗೆ ತೂತು ಮಾಡಿ ಬೆಳೆಸಿ. ಜೇಡ್ ಗಿಡದ ಕೊಂಬೆ ಚುಚ್ಚಿದರೆ ಸಾಕು, ಬರುತ್ತೆ. ಎಚೆವೇರಿಯಾ ಅಂತ ಗುಲಾಬಿ ಆಕಾರದ್ದು ಒಂದಿದೆ, ಮೆಕ್ಸಿಕೋ ಕಡೆಯದು. ಅದರ ಉದುರಿದ ಎಲೆಯಿಂದಲೇ ಮರಿ ಬರುತ್ತೆ, ಆದ್ರೆ ತಿಂಗಳುಗಳು ಕಾಯಬೇಕು. ನಮ್ಮ ಕಾಡುಬಸಳೆಯ ಎಲೆ ಅಂಚಿನಲ್ಲೂ ಮರಿ ಮೂಡುತ್ತೆ, ಆದ್ರೆ ಅದು ಎತ್ತರ ಹೋಗಿ ಆಕಾರ ಕೆಡಿಸುತ್ತೆ, ಬೇಡ. ಹಾಲು ಬರೋ ಕಳ್ಳಿಯಂತೂ ಬೇಡವೇ ಬೇಡ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಬಾಗಿಲಲ್ಲಿ ಮಕ್ಕಳು ಓಡಾಡ್ತಾರೆ. ಜಾತಿಗಳನ್ನು ಕಣ್ಣಾರೆ ನೋಡಬೇಕಂದ್ರೆ ಜನವರಿ ಅಥವಾ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಒಟ್ಟಿಗೆ ಹೋಗಿ ಬರೋಣ.

ತಗೊಳ್ಳೋರಿಗೆ ಎರಡು ಮಾತು ಹೇಳಿಯೇ ಕೊಡಿ. ಬಿಸಿಲು ಕಾಣದ ಪ್ಯಾಸೇಜಿನಲ್ಲಿ ಹಾಕಿದರೆ ಗಿಡ ಬೆಳಕು ಹುಡುಕಿ ಉದ್ದುದ್ದ ಸೊರಗುತ್ತೆ. ಬೆಳಗಿನ ಎಳೆ ಬಿಸಿಲು ಬೀಳೋ ಪೂರ್ವದ ಬಾಗಿಲು ಒಳ್ಳೇದು. (ಅಂಥ ಮನೆಗೆ ಬಾಡಿಗೆಯೂ ಜಾಸ್ತಿ, ಏನು ಮಾಡೋದು!) ನೀರು ಕುಡಿದ ತೋರಣ ಎರಡು ಮೂರು ಕಿಲೋ ತೂಗುತ್ತೆ, ಬಾಗಿಲು ಧಡ್ ಅಂದಾಗಲೆಲ್ಲ ಗಿಡ ಅಲುಗುತ್ತೆ. ಅದಕ್ಕೆ ಪಕ್ಕದ ಗ್ರಿಲ್‌ಗೋ ಗೋಡೆ ಮೊಳೆಗೋ ಹಾಕೋದು ವಾಸಿ. ವಾರ ಹತ್ತು ದಿನಕ್ಕೊಮ್ಮೆ, ನಾರು ಒಣಗಿದ ಮೇಲೆ, ಇಳಿಸಿ ಅಗಲ ತಟ್ಟೆಯ ನೀರಲ್ಲಿ ಕಾಲು ಗಂಟೆ ಮಲಗಿಸಿ, ಸೋರಿದ ಮೇಲೆ ಮತ್ತೆ ಹಾಕಬೇಕು. ಮಳೆಗಾಲದಲ್ಲಿ ಇನ್ನೂ ಕಡಿಮೆ.

ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ವರ್ಷ ಇದಕ್ಕೆ ಸಾಲ ಎತ್ತಬೇಡಿ. ತಲಾ ಒಂದು ತೋರಣ ಮಾಡಿ ನಿಮ್ಮ ಬಾಗಿಲಿಗೇ ಹಾಕಿ, ಒಂದು ಮಳೆಗಾಲ ದಾಟಿಸಿ. ಕೂಲಿ, ತಂತಿ, ನಾರು ಎಲ್ಲ ಬರೆದಿಟ್ಟು ಆಮೇಲೆ ಬೆಲೆ ಕಟ್ಟೋಣ. ಮುಂದಿನ ಸಭೆಗೆ ಜೇಡ್ ಇರೋರು ಹತ್ತು ಹತ್ತು ತುಂಡು ಕತ್ತರಿಸಿ, ನಾಲ್ಕು ದಿನ ಒಣಗಿಸಿ ತನ್ನಿ. ಜಾಲರಿ, ನಾರು ನಾನು ತರ್ತೀನಿ.