ತಮಟೆ ಕಾಸುವ ಬೆಂಕಿ, ಡ್ರಮ್ ಸೆಟ್ಟಿನ ಕೀಲಿ

(ಹೊಸದುರ್ಗದಲ್ಲಿ ಸೇರಿದ್ದ ಯುವ ವಾದ್ಯಗಾರರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಾನು ವಾದ್ಯಗಾರನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಜಿಲ್ಲೆಯ ಸುದ್ದಿ ಬರೆಯುತ್ತಿರುವವನು. ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆ ಎಂದು ವರ್ಷಕ್ಕೆ ಹತ್ತಾರು ರಾತ್ರಿ ರಸಮಂಜರಿ ವೇದಿಕೆಗಳ ಪಕ್ಕದಲ್ಲಿ ನಿಂತು ಟಿಪ್ಪಣಿ ಮಾಡಿಕೊಳ್ಳುವುದು ನನ್ನ ಕೆಲಸ. ‘ಒಳ್ಳೆಯ ಡ್ರಮ್ ಸೆಟ್ ಆರಿಸುವುದು ಹೇಗೆ’ ಎಂಬ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಮೊದಲು ಹಿಂಜರಿದೆ. ಒಪ್ಪಿಕೊಳ್ಳಲು ಒಂದು ಪ್ರಸಂಗ ಕಾರಣ. ಅದರಿಂದಲೇ ಮಾತು ಶುರುಮಾಡುತ್ತೇನೆ.

ಹಿರಿಯೂರು ತಾಲ್ಲೂಕಿನ ಒಂದು ಊರು. ಅಲ್ಲಿನ ಆರು ಮಂದಿ ಹುಡುಗರು ಕೈಯಿಂದ ದುಡ್ಡು ಹಾಕಿ, ಸಾಲದ್ದಕ್ಕೆ ಸಾಲ ಮಾಡಿ, ಡ್ರಮ್ ಸೆಟ್ ಕೊಂಡು ತಂದಿದ್ದರು. ಕೆಂಪು ಬಣ್ಣ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಗಣಪತಿ ವಿಸರ್ಜನೆಯ ರಾತ್ರಿ ಅದರ ಮೊದಲ ಕಾರ್ಯಕ್ರಮ. ಬಾರಿಸತೊಡಗಿದರೆ ದೊಡ್ಡ ಡ್ರಮ್ಮು ರಟ್ಟಿನ ಪೆಟ್ಟಿಗೆ ಗುದ್ದಿದಂತೆ, ಸಿಂಬಲ್ಲು ಊಟದ ತಟ್ಟೆ ಕೆಳಗೆ ಬಿದ್ದಂತೆ ಕೇಳುತ್ತಿತ್ತು. ಮೈಕಿನವರು ಶಬ್ದ ಏರಿಸಿದರು. ಏರಿಸಿದಷ್ಟೂ ಕೆಟ್ಟಿತು.

ವೇದಿಕೆಯ ಕೆಳಗೆ, ಮೆರವಣಿಗೆಗೆ ಬಂದಿದ್ದ ಹಿರಿಯರೊಬ್ಬರು ಒಣಹುಲ್ಲಿನ ಬೆಂಕಿಗೆ ತಮಟೆ ಕಾಸುತ್ತ ಕುಳಿತಿದ್ದರು. ಬಿಡುವಿನಲ್ಲಿ ಹುಡುಗನನ್ನು ಕರೆದು, ‘ತಮ್ಮಾ, ಒಂದು ಕಡೆ ಬಿಗಿ ಐತೆ, ಇನ್ನೊಂದು ಕಡೆ ಸಡ್ಲ ಐತೆ. ಚರ್ಮ ಯಾವುದಾದ್ರೇನು, ಸುತ್ತಾ ಒಂದೇ ಸಮ ಎಳೀಬೇಕು ಕಣಪ್ಪಾ’ ಎಂದರು. ಹುಡುಗ ಕೀಲಿ ತಂದುಕೊಟ್ಟ. ಹಿರಿಯರು ವೇದಿಕೆ ಹತ್ತಲಿಲ್ಲ. ಡ್ರಮ್ಮುಗಳನ್ನೇ ಕೆಳಗೆ ಇಳಿಸಿಕೊಂಡರು. ಒಂದೊಂದು ತಿರುಪಿನ ಬಳಿಯೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಎದುರುಬದುರಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಡ್ರಮ್ ಸೆಟ್ಟನ್ನು ಅವರು ಮುಟ್ಟಿದ್ದು ಅದೇ ಮೊದಲು. ಹತ್ತು ನಿಮಿಷದ ನಂತರ ಡ್ರಮ್ಮಿಗೆ ದನಿ ಬಂತು.

ಅಲ್ಲಿ ನಾನು ಕಲಿತ ಪಾಠ ಎರಡು. ಮೊದಲನೆಯದು, ಡ್ರಮ್ ಸೆಟ್ ಆರಿಸಲು ಬೇಕಾದ ಅರಿವು ನಮ್ಮ ಊರುಗಳಲ್ಲಿ ಆಗಲೇ ಇದೆ. ಎರಡನೆಯದನ್ನು ಕೊನೆಗೆ ಹೇಳುತ್ತೇನೆ.

ಒಬ್ಬನ ಮೇಳ

ಡ್ರಮ್ ಸೆಟ್ ಎಂಬುದು ಒಂದು ವಾದ್ಯವಲ್ಲ, ಒಂದು ಮೇಳ. ಹಿಂದಿನ ಮಿಲಿಟರಿ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ ಒಬ್ಬನಿಗೆ, ಸಣ್ಣ ಡ್ರಮ್ ಇನ್ನೊಬ್ಬನಿಗೆ, ಸಿಂಬಲ್ ಮತ್ತೊಬ್ಬನಿಗೆ. ನಮ್ಮ ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿನವರಲ್ಲಿ ಈಗಲೂ ಹಾಗೆಯೇ. ಅಮೆರಿಕದಲ್ಲಿ 1909ರಲ್ಲಿ ಲುಡ್ವಿಗ್ ಎಂಬುವರು ದೊಡ್ಡ ಡ್ರಮ್ಮನ್ನು ಕಾಲಿನಿಂದ ವೇಗವಾಗಿ ಬಾರಿಸಬಲ್ಲ ಪೆಡಲ್ ತಯಾರಿಸಿದರು. 1920ರ ದಶಕದಲ್ಲಿ ಎಡಗಾಲಿನಿಂದ ತಟ್ಟುವ ಜೋಡಿ ತಾಳ, ಅಂದರೆ ಹೈಹ್ಯಾಟ್, ರೂಪುಗೊಂಡಿತು. ಹೀಗೆ ಮೂರು ನಾಲ್ಕು ಜನರ ಕೆಲಸ ಒಬ್ಬನ ಕೈಕಾಲಿಗೆ ಬಂತು.

ನಮ್ಮ ಜಾತ್ರೆಯ ಮೇಳವನ್ನು ನೆನೆಸಿಕೊಳ್ಳಿ. ನೆಲ ನಡುಗಿಸಲು ಡೊಳ್ಳು, ಚುರುಕಿಗೆ ತಮಟೆ, ಗುಂಯ್‌ಗುಡಲು ಉರುಮೆ, ಹೆಜ್ಜೆ ಕೂಡಿಸಲು ತಾಳ. ಡ್ರಮ್ ಸೆಟ್ಟಿನಲ್ಲೂ ಇದೇ ಹಂಚಿಕೆ: ಬೇಸ್ ಡ್ರಮ್ ಡೊಳ್ಳಿನ ಕೆಲಸ ಮಾಡುತ್ತದೆ, ಸ್ನೇರ್ ತಮಟೆಯ ಕೆಲಸ ಮಾಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಎಷ್ಟು ಡ್ರಮ್ ಇವೆ ಎಂದು ಎಣಿಸಬೇಡಿ. ಪ್ರತಿಯೊಂದೂ ತನ್ನ ಕೆಲಸ ಮಾಡುತ್ತಿದೆಯೇ ಎಂದು ಕೇಳಿ. ಏಳು ಕೆಟ್ಟ ಡ್ರಮ್ಮುಗಳಿಗಿಂತ ನಾಲ್ಕು ಒಳ್ಳೆಯವು ಮೇಲು.

ಮುಖ, ಒಡಲು, ತಾಳ

ಮೊದಲು ನೋಡಬೇಕಾದುದು ಮುಖ. ತಮಟೆಯ ಚರ್ಮ ಗಾಳಿಯ ತೇವ ಹೀರಿ ಸಡಿಲವಾಗುತ್ತದೆ. ಬೆಂಕಿಗೆ ಹಿಡಿದರೆ ತೇವ ಆರಿ ಬಿಗಿಯಾಗುತ್ತದೆ. ಡ್ರಮ್ ಸೆಟ್ಟಿಗೂ ಮೊದಲು ಕರುವಿನ ಚರ್ಮವನ್ನೇ ಹೊದಿಸುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಪಾಲಿಯೆಸ್ಟರ್ ಹಾಳೆಯ ಮುಖಗಳು ಮಾರುಕಟ್ಟೆಗೆ ಬಂದವು. ಇವಕ್ಕೆ ಮಳೆಯ ಹೆದರಿಕೆಯಿಲ್ಲ. ಆದರೆ ಕೋಲಿನ ಪೆಟ್ಟಿಗೆ ಗುಳಿ ಬೀಳುತ್ತವೆ, ಗುಳಿ ಬಿದ್ದರೆ ದನಿ ಸಾಯುತ್ತದೆ. ಅಗ್ಗದ ಸೆಟ್ಟಿನ ಜೊತೆ ಬರುವ ಹಾಳೆಗಳು ಸಾಮಾನ್ಯವಾಗಿ ಕಳಪೆ. ಅವನ್ನು ತೆಗೆದು ಒಳ್ಳೆಯವನ್ನು ಹೊದಿಸಿದರೆ ಎಷ್ಟೋ ಸಾಧಾರಣ ಸೆಟ್ಟುಗಳು ಸುಧಾರಿಸುತ್ತವೆ. ಡ್ರಮ್ಮಿಗೆ ಮೇಲೊಂದು, ಕೆಳಗೊಂದು ಮುಖ. ಹೊಡೆಯುವುದು ಮೇಲಿನದಕ್ಕಾದರೂ ನಾದ ಎಷ್ಟು ಹೊತ್ತು ನಿಲ್ಲಬೇಕೆಂಬುದರಲ್ಲಿ ಕೆಳಗಿನದರ ಪಾಲೂ ದೊಡ್ಡದು.

ಎರಡನೆಯದು ಮರದ ಒಡಲು. ತೆಳು ಮರದ ಪದರಗಳನ್ನು ಅಂಟಿಸಿ ದುಂಡಗೆ ಬಾಗಿಸಿದ ಡ್ರಮ್ಮುಗಳೇ ಹೆಚ್ಚು. ಮೇಪಲ್ ಮರದ್ದು ದುಂಡು ದನಿ. ಬರ್ಚ್ ಮರದ್ದು ಚೂಪು ದನಿ, ಬೇಗ ನಿಲ್ಲುತ್ತದೆ. ಕಡಿಮೆ ಬೆಲೆಯವು ಬಹುಪಾಲು ಪಾಪ್ಲರ್ ಮರದವು. ಅವನ್ನೂ ತಳ್ಳಿಹಾಕಬೇಕಿಲ್ಲ, ಚೆನ್ನಾಗಿ ಕೊರೆದಿದ್ದರೆ ಸಾಕು. ಪರೀಕ್ಷೆ ಸುಲಭ. ಅಂಗಡಿಯವರ ಒಪ್ಪಿಗೆ ಪಡೆದು ಒಂದು ಡ್ರಮ್ಮಿನ ಮುಖ ಬಿಚ್ಚಿಸಿ. ಬರಿಯ ಒಡಲನ್ನು ಸಮನಾದ ಗಾಜಿನ ಮೇಲೆ ಕವುಚಿ, ಒಳಗೆ ಬೆಳಕು ಬಿಡಿ. ಅಂಚಿನ ಕೆಳಗಿಂದ ಬೆಳಕು ಸೋರಿದರೆ ಅಂಚು ಸಮವಿಲ್ಲ ಎಂದರ್ಥ. ಅಂಥ ಒಡಲಿಗೆ ಎಂಥ ಮುಖ ಹೊದಿಸಿದರೂ ಶ್ರುತಿ ನಿಲ್ಲದು. ನಮ್ಮ ಹುಡುಗರು ಹೊರಗಿನ ಕೆಂಪು ಬಣ್ಣ ನೋಡಿದ್ದರು, ಒಳಗಿನ ಅಂಚು ನೋಡಿರಲಿಲ್ಲ.

ಮೂರನೆಯದು ತಾಳ, ಅಂದರೆ ಸಿಂಬಲ್. ದೇವಸ್ಥಾನದ ಜಾಗಟೆ ಯಾಕೆ ಅಷ್ಟು ದೂರ ಕೇಳುತ್ತದೆ? ಅದು ಕಂಚು, ಸರಿಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಉತ್ತಮ ದರ್ಜೆಯ ಸಿಂಬಲ್ಲುಗಳಲ್ಲಿ ಬಹಳಷ್ಟು ಇದೇ ಪಾಕದವು. ಇಂದಿನ ಇಸ್ತಾಂಬುಲ್ ನಗರದಲ್ಲಿ 1623ರಲ್ಲಿ ಶುರುವಾದ ಜಿಲ್ಜಿಯನ್ ಮನೆತನದ ಕಸುಬು ಈ ಪಾಕದಿಂದಲೇ ಹೆಸರಾಯಿತು. ತವರ ಶೇಕಡ 8ರಷ್ಟಿರುವ ಹಾಳೆ ಕಂಚಿನವು ಮಧ್ಯಮ ದರ್ಜೆ. ತೀರ ಅಗ್ಗದವು ಹಿತ್ತಾಳೆ. ಊಟದ ತಟ್ಟೆಯ ಸದ್ದು ಬಂದದ್ದು ಅದರಿಂದಲೇ. ಕೈಯಲ್ಲಿರುವ ಹಣದಲ್ಲಿ ದೊಡ್ಡ ಪಾಲನ್ನು ತಾಳಗಳಿಗೆ ಮೀಸಲಿಡಿ. ಡ್ರಮ್ಮನ್ನು ಹೊಸ ಮುಖ ಹಾಕಿ ತಿದ್ದಬಹುದು, ಕೆಟ್ಟ ತಾಳವನ್ನು ತಿದ್ದಲಾಗದು.

ಕೊನೆಯದು ಸ್ಟ್ಯಾಂಡು ಮತ್ತು ಪೆಡಲ್. ಜೋಡಿ ಕಾಲಿನ ಗಟ್ಟಿ ಸ್ಟ್ಯಾಂಡು ಭಾರ ನಿಜ. ಆದರೆ ಹಲಗೆ ಜೋಡಿಸಿದ ನಮ್ಮ ವೇದಿಕೆಗಳು ಕುಣಿಯುತ್ತವೆ, ತೆಳ್ಳನೆಯ ಸ್ಟ್ಯಾಂಡು ಅವುಗಳ ಜೊತೆಗೇ ಕುಣಿಯುತ್ತದೆ. ಪೆಡಲನ್ನು ಅಂಗಡಿಯಲ್ಲೇ ಐದು ನಿಮಿಷ ಬಿಡದೆ ತುಳಿದು ನೋಡಿ. ಕೀರಲು ಸದ್ದು ಬಂದರೆ ಬೇರೆ ಕೇಳಿ.

ಬಯಲಿಗೊಂದು, ಮೈಕಿಗೊಂದು

ಕಾರ್ಯಕ್ರಮಕ್ಕೆ ಒಳ್ಳೆಯದಾದ ಸೆಟ್ಟು ಧ್ವನಿಮುದ್ರಣಕ್ಕೂ ಒಳ್ಳೆಯದೇ ಎಂದು ನೀವು ಕೇಳಬಹುದು. ಯಾವಾಗಲೂ ಅಲ್ಲ.

ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯಂಥ ಬಯಲಿನಲ್ಲಿ ನಾದವನ್ನು ಹಿಂದಕ್ಕೆ ಕೊಡುವ ಗೋಡೆಗಳಿಲ್ಲ. ಅಲ್ಲಿ 22 ಇಂಚಿನ ಬೇಸ್ ಡ್ರಮ್, 14 ಇಂಚಿನ ಗಟ್ಟಿ ಸ್ನೇರ್, ಪೆಟ್ಟು ತಾಳುವ ಎರಡು ಪದರದ ಮುಖಗಳು ಸರಿ. ಟೆಂಪೊದಲ್ಲಿ ಕುಲುಕಾಡಿ ಹೋಗುವ ಸಾಮಾನಾದ್ದರಿಂದ ಪ್ರತಿ ಡ್ರಮ್ಮಿಗೂ ದಪ್ಪ ಚೀಲ ಬೇಕು. ಬಿಸಿಲಲ್ಲಿ ಮುಚ್ಚಿದ ವಾಹನದೊಳಗೆ ಬಿಟ್ಟುಹೋಗಬೇಡಿ, ಅಂಟಿಸಿದ ಮರ ಅದನ್ನು ಸಹಿಸದು.

ಸ್ಟುಡಿಯೊದಲ್ಲಿ ಮೈಕು ಡ್ರಮ್ಮಿನಿಂದ ನಾಲ್ಕೇ ಬೆರಳು ದೂರ ಇರುತ್ತದೆ. ಬಯಲಿನಲ್ಲಿ ಯಾರಿಗೂ ಕೇಳದ ಪೆಡಲಿನ ಕೀರಲು, ಸಡಿಲ ತಿರುಪಿನ ಗಿಲಕು ಅಲ್ಲಿ ಎದ್ದು ಕೇಳುತ್ತವೆ. ಅಲ್ಲಿಗೆ 20 ಇಂಚಿನ ಬೇಸ್ ಡ್ರಮ್ ಸಾಕು. ಬರ್ಚ್ ಮರದ ಸೆಟ್ಟನ್ನು ಧ್ವನಿಮುದ್ರಣದವರು ಇಷ್ಟಪಡುವುದು ಅದರ ನಾದ ಬೇಗ ನಿಲ್ಲುವುದರಿಂದ. ಮುದ್ರಣಕ್ಕೆ ಒಂದೆರಡು ದಿನ ಮೊದಲು ಹೊಸ ಮುಖ ಹಾಕಿ, ಎಳೆದು, ನೆಲೆ ನಿಲ್ಲಲು ಬಿಡಿ. ನಾದ ಹೆಚ್ಚಾದರೆ ಒಂದು ಮಡಿಕೆ ಬಟ್ಟೆ ಸಾಕು. ದಿಂಬು ತುರುಕಿದರೆ ಮತ್ತೆ ರಟ್ಟಿನ ಪೆಟ್ಟಿಗೆಯೇ ಆದೀತು. ವರ್ಷಕ್ಕೊಮ್ಮೆ ಮುದ್ರಣ ಮಾಡುವ ತಂಡ ಅದಕ್ಕೆಂದೇ ಎರಡನೇ ಸೆಟ್ ಕೊಳ್ಳುವುದು ಬೇಡ, ಬಾಡಿಗೆಗೆ ತಂದರಾಯಿತು.

ರಿದಮ್ ಪ್ಯಾಡ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವವರಿದ್ದೀರಿ. ರೋಲಂಡ್ ಕಂಪನಿಯ ಮೊದಲ ಆಕ್ಟಾಪ್ಯಾಡ್ 1985ರಲ್ಲಿ ಬಂತು. ಒಂದು ಚೀಲದಲ್ಲಿ ಹಿಡಿಯುವ ಅದು ಸಣ್ಣ ತಂಡಗಳನ್ನು ಬದುಕಿಸಿದೆ, ನಿಜ. ಡೊಳ್ಳು ಬೇಕೆಂದರೆ ಡೊಳ್ಳು, ತಮಟೆ ಬೇಕೆಂದರೆ ತಮಟೆ. ಆದರೆ ಮೆಲ್ಲಗೆ ಹೊಡೆದಾಗ, ಅಂಚಿಗೆ ಹೊಡೆದಾಗ, ಚರ್ಮ ತಣಿದಾಗ ತಮಟೆ ಬೇರೆ ಬೇರೆ ಮಾತಾಡುತ್ತದೆ. ಪ್ಯಾಡಿನೊಳಗೆ ತಮಟೆಯ ಸದ್ದಿದೆ, ತಮಟೆಯವರಿಲ್ಲ.

ಎರಡನೆಯ ಪಾಠ

ಇಲ್ಲಿಗೆ ನಾನು ಉಳಿಸಿಕೊಂಡ ಮಾತು ಬಂತು. ಆ ಹಿರಿಯರು ವೇದಿಕೆ ಯಾಕೆ ಹತ್ತಲಿಲ್ಲ?

ತಮಟೆ ಬಡಿಯುವುದು ನಮ್ಮ ಊರುಗಳಲ್ಲಿ ಒಂದು ಜಾತಿಯ ಮೇಲೆ ಹೊರಿಸಿದ ಕೆಲಸವಾಗಿತ್ತು. ಡಂಗುರಕ್ಕೆ, ಸಾವಿಗೆ, ಜಾತ್ರೆಗೆ ಕರೆದಾಗ ಹೋಗಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು, ದೂರ ನಿಲ್ಲಬೇಕು. ‘ಇನ್ನು ಬಡಿಯುವುದಿಲ್ಲ’ ಎಂದು ತಮಟೆ ಕೆಳಗಿಟ್ಟ ದಲಿತ ಯುವಕರ ಸಿಟ್ಟು ನ್ಯಾಯದ್ದು. ಡ್ರಮ್ ಸೆಟ್ಟಿನ ಹಿಂದೆ ಕುಳಿತವನನ್ನು ಯಾರೂ ‘ಯಾವ ಕೇರಿಯವನು’ ಎಂದು ಕೇಳುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಆರಿಸಿಕೊಂಡ ಹುಡುಗರನ್ನೂ ನಾನು ಕಂಡಿದ್ದೇನೆ. ವಾದ್ಯ ಆರಿಸುವುದೆಂದರೆ ಅವರಿಗೆ ಬರೀ ಸದ್ದನ್ನು ಆರಿಸುವುದಲ್ಲ.

ಅದೇ ತಮಟೆ ಹೋರಾಟದ ಮೆರವಣಿಗೆಗಳಲ್ಲಿ, ಬೀದಿ ನಾಟಕಗಳಲ್ಲಿ ಎದೆಯೆತ್ತಿ ಸದ್ದು ಮಾಡಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನಕ್ಕೆ ಹೋದ ವಾದ್ಯ ನಮ್ಮ ಊರಿನ ಗಣಪತಿ ವೇದಿಕೆಯ ನಾಲ್ಕು ಮೆಟ್ಟಿಲು ಹತ್ತಬಾರದೇ?

ಆದ್ದರಿಂದ ನನ್ನ ಸಲಹೆ ಇಷ್ಟೇ. ಸೆಟ್ ಕೊಳ್ಳಲು ಹೋಗುವಾಗ ನಿಮ್ಮೂರಿನ ತಮಟೆಯವರನ್ನೋ ಡೊಳ್ಳಿನವರನ್ನೋ ಜೊತೆಗೆ ಕರೆದೊಯ್ಯಿರಿ. ಬ್ರ್ಯಾಂಡಿನ ಹೆಸರು ಅವರಿಗೆ ತಿಳಿಯದಿರಬಹುದು, ಕಿವಿ ಮಾತ್ರ ಮೋಸಹೋಗದು. ಬಸ್ಸಿನ ಖರ್ಚು, ಆ ದಿನದ ಕೂಲಿ ನೀವೇ ಕೊಡಿ.

ಹಿರಿಯೂರಿನ ಆ ಹುಡುಗರು ಮುಂದಿನ ರಾಜ್ಯೋತ್ಸವಕ್ಕೆ ಹಿರಿಯರ ಮನೆಗೇ ಹೋಗಿ, ‘ತಾತ, ನೀನೂ ಸ್ಟೇಜಿಗೆ ಬಾ, ನಮ್ಜೊತೆ ಬಾರ್ಸು’ ಎಂದು ಕರೆದರು. ಅವರು ತಕ್ಷಣ ಒಪ್ಪಲಿಲ್ಲ. ‘ನಿಮಗೆಲ್ಲ ಎಷ್ಟು ಪಾಲು? ನನಗೆಷ್ಟು?’ ಎಂದು ಕೇಳಿದರು. ಹುಡುಗರು ಮುಖ ಮುಖ ನೋಡಿಕೊಂಡು, ‘ಸಮಪಾಲು’ ಎಂದರು. ಆ ರಾತ್ರಿ ವೇದಿಕೆಯ ಮೇಲೆ ಏಳು ಕುರ್ಚಿಗಳಿದ್ದವು. ಬೆಂಕಿ ಮಾತ್ರ ಕೆಳಗೇ ಇತ್ತು. ಎರಡು ಹಾಡಿನ ನಡುವೆ ತಮಟೆ ಕಾಸಿಕೊಂಡು ಬರಲು ಡ್ರಮ್ ಬಾರಿಸುವ ಹುಡುಗನೇ ಇಳಿದು ಹೋಗುತ್ತಿದ್ದ.